ಹೆಗಲು ಕೊಟ್ಟ ಮೇಲೆ

ನಮ್ಮನೆಯವರ ಬಲಭುಜ ಮೊದಲ ಸಲ ಕಳಚಿದ್ದು ಬೈಕಿನಿಂದ ಬಿದ್ದಾಗ. ಆಮೇಲೆ ಅದಕ್ಕೆ ಅದೇ ಚಾಳಿಯಾಯಿತು. ಅಂಗಿ ತೊಡುವಾಗ, ಬಸ್ಸಿನ ಕಂಬಿ ಹಿಡಿದಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಕೀಲು ಜಾರಿ ಮುಂದಕ್ಕೆ ಬರುತ್ತಿತ್ತು. ನಮ್ಮದು ಕುಂದಾಣದ ಹತ್ತಿರ ದ್ರಾಕ್ಷಿ ತೋಟ. ಚಪ್ಪರದ ಕೆಲಸವೆಂದರೆ ದಿನವಿಡೀ ತಲೆಯ ಮೇಲೆ ಕೈ ಎತ್ತಿ ನಿಲ್ಲುವುದು. ಕತ್ತರಿ ಹಿಡಿದಿರುವಾಗಲೇ ಭುಜ ಕಳಚಿ ಅವರು ನೆಲಕ್ಕೆ ಕೂತು ಚೀರಿದ್ದನ್ನು ಎಷ್ಟು ಸಲ ನೋಡಿದ್ದೇನೋ. ಮದುವೆಯಾದ ಹೊಸತರಲ್ಲಿ ಅಳುತ್ತಿದ್ದೆ, ಆಮೇಲೆ ಬೈಯತೊಡಗಿದೆ. ನನ್ನ ಬೈಗುಳ ತಾಳಲಾರದೆಯೇ ಅವರು ಆಪರೇಷನ್‌ಗೆ ಒಪ್ಪಿದ್ದು.

ಬೆಂಗಳೂರಿನ ಡಾಕ್ಟರು ಭುಜದ ಮುಂಭಾಗದಿಂದ ಒಂದು ತುಂಡು ಮೂಳೆ ತೆಗೆದು, ಸವೆದುಹೋಗಿದ್ದ ಕೀಲಿನ ಅಂಚಿಗೆ ಕೂರಿಸಿ ಸ್ಕ್ರೂ ಹಾಕಿದರು.

"ಮೂಳೆ ಕೂಡೋವರೆಗೂ ಈ ಪಟ್ಟಿ ಬಿಚ್ಚಬಾರದು. ಈ ಕೈಯಲ್ಲಿ ನೀರಿನ ಚೊಂಬೂ ಎತ್ತಬೇಡಿ," ಎಂದರು.

ಕೈಯನ್ನು ಎದೆಗೆ ಅಂಟಿಸಿ ಕಟ್ಟಿದ ಆ ನೀಲಿ ಪಟ್ಟಿಯನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಉಣ್ಣಿಸಿದೆ, ತಲೆ ಬಾಚಿದೆ. ಮುಂದಿನ ಫಸಲಿಗೆ ಅವರೇ ಚಪ್ಪರದ ಕೆಳಗೆ ನಿಲ್ಲಬೇಕು ಎನ್ನುವುದೊಂದೇ ನನ್ನ ಆಸೆ.

ಇನ್ನೂ ಹೊಲಿಗೆ ಬಿಚ್ಚಿ ಕೆಲವೇ ದಿನ. ಮಾವ ವೆಂಕಟರಾಮಪ್ಪ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರು ಜಗುಲಿಯ ಮೇಲೆ ಕುಸಿದು ಅಲ್ಲೇ ಪ್ರಾಣ ಬಿಟ್ಟರು.

ಮಧ್ಯಾಹ್ನಕ್ಕೆ ನಂಟರೆಲ್ಲ ಸೇರಿದರು. ಅಳುತ್ತಲೇ ನಾನು ಮಾವನ ತಮ್ಮನನ್ನು ಬೇಡಿಕೊಂಡೆ: "ಚಿಕ್ಕಮಾವ, ಇವ್ರು ಮುಂದೆ ನಡ್ಕೊಂಡು ಬರ್ಲಿ. ಹೊರೋದು ಮಾತ್ರ ಬ್ಯಾಡ."

"ಇರೋನೊಬ್ಬ ಮಗ ಕಣಮ್ಮ. ಎಡಗಡೆ ಹೆಗಲು ಕೊಡ್ಲಿ ಬಿಡು. ಬಲಗೈ ಯಾರು ಮುಟ್ತಾರೆ?"

ನ್ಯಾಯವಾಗಿಯೇ ಕೇಳಿಸಿತು. ಆದರೆ ಹೊರುವವರು ತಲೆಗೆ ನೀರು ಹುಯ್ಯಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಲ್ಲಬೇಕು, ಮಗನ ಮೈಮೇಲೆ ಹೊಲಿದ ಬಟ್ಟೆ ಇರಬಾರದು. ಚಿಕ್ಕಮಾವನ ಕಣ್ಣು ಪಟ್ಟಿಯ ಮೇಲೆ ಬಿತ್ತು.

"ಅದೂ ಹೊಲಿದದ್ದೇ ಅಲ್ವೇನಪ್ಪಾ ಮುನೀಂದ್ರ?"

ನಾನು ಹೆಂಗಸರ ನಡುವೆ ಅತ್ತೆಯನ್ನು ಹಿಡಿದು ಕೂತಿದ್ದೆ. ಏಳುವಷ್ಟರಲ್ಲಿ ನಮ್ಮನೆಯವರು ತಾವೇ ಪಟ್ಟಿ ಕಿತ್ತು ಜಗುಲಿಗೆ ಎಸೆದಿದ್ದರು.

"ಏನ್ರೀ ಮಾಡ್ತಿದ್ದೀರಾ?" ಎಂದು ಕೂಗಿದೆ.

"ಸುಮ್ನಿರೇ. ಸ್ವಲ್ಪ ಹೊತ್ತು ತಾನೇ."

ಎಡ ಹೆಗಲಿಗೇ ಚಟ್ಟ ಏರಿತು. ಮನೆ ಮುಂದೆ ನಲ್ಲಿ ಪೈಪಿಗೆ ಅಗೆದು ಸರಿಯಾಗಿ ಮುಚ್ಚದೆ ಬಿಟ್ಟಿದ್ದ ಕಾಲುವೆಯಲ್ಲಿ ಹಿಂದೆ ಹೊತ್ತಿದ್ದವನ ಕಾಲು ಹೂತುಹೋಯಿತು. ಚಟ್ಟ ವಾಲಿತು, ಮಾವನ ತಲೆ ಹೊರಳಿತು. ನಮ್ಮನೆಯವರು ಹಿಂದಕ್ಕೆ ತಿರುಗಿ ಬಲಗೈ ಎತ್ತಿ ಬಿದಿರು ಹಿಡಿದರು. ಭಾರವೆಲ್ಲ ಆ ಕೈಗೆ ಬಂತು. ಬಾಗಿಲಲ್ಲಿ ನಿಂತಿದ್ದ ನನಗೆ ಅವರ ಮುಖ ಬಿಳಿಚಿಕೊಂಡಿದ್ದು ಕಾಣಿಸಿತು. ಅವರು ಚೀರಲಿಲ್ಲ. ಚೀರಿದ್ದರೆ ಯಾರಾದರೂ ಬಂದು ಹೆಗಲು ಬದಲಾಯಿಸುತ್ತಿದ್ದರು. ತುಟಿ ಕಚ್ಚಿಕೊಂಡು ತೋಟದ ಮೂಲೆಯವರೆಗೂ ಹೊತ್ತರು.

ಎಕ್ಸ್‌ರೇಯಲ್ಲಿ ಸ್ಕ್ರೂ ಬಾಗಿತ್ತು, ಕೂರಿಸಿದ ಮೂಳೆ ಮುರಿದು ಜಾರಿತ್ತು. ಸೊಂಟದ ಮೂಳೆ ತೆಗೆದು ಮತ್ತೆ ಆಪರೇಷನ್ ಮಾಡಿದರು. ಗಾಯ ಕೀವಾಯಿತು, ಮತ್ತೆ ತೆರೆದು ತೊಳೆದರು. ನರಕ್ಕೆ ಪೆಟ್ಟಾಗಿ ತೋಳಿನ ಹೊರಮೈಗೆ ಜೋಮು ಹಿಡಿದದ್ದು ಬಿಡಲೇ ಇಲ್ಲ. ಈಗ ಭುಜ ಕಳಚುವುದಿಲ್ಲ, ಡಾಕ್ಟರು ಅದನ್ನೇ ದೊಡ್ಡದಾಗಿ ಹೇಳುತ್ತಾರೆ. ಆದರೆ ಕೈ ಎದೆಯ ಮಟ್ಟ ದಾಟಿ ಮೇಲೇಳುವುದಿಲ್ಲ. ಬಳ್ಳಿ ಕತ್ತರಿಸುವುದಕ್ಕೆ ಈಗ ನಾನೂ ಕೂಲಿಯವರೂ ನಿಲ್ಲುತ್ತೇವೆ. ಅವರು ಬದುವಿನ ಮೇಲೆ ಕೂತು ಮೇಲಕ್ಕೆ ನೋಡುತ್ತಿರುತ್ತಾರೆ.

ಮಾವನ ವರ್ಷದ ತಿಥಿಗೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕಮಾವ ಹೆಮ್ಮೆಯಿಂದ, "ಅಪ್ಪನ್ನ ನೆಲಕ್ಕೆ ಬೀಳಿಸ್ಲಿಲ್ಲ ನೋಡಿ ನಮ್ ಹುಡುಗ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೊಣ್ಣಮ್ಮ ಮಾತಾಡಿದರು. ಅದುವರೆಗೆ ಅವರು ಆ ವಿಷಯ ಎತ್ತಿದವರೇ ಅಲ್ಲ.

"ನಾನು ಸತ್ರೆ ನನ್ ಮಗನ ಕೈಲಿ ಹೊರಿಸ್ಬ್ಯಾಡ್ರಪ್ಪ. ಟ್ರ್ಯಾಕ್ಟರ್‌ಗೆ ಹಾಕ್ಕೊಂಡೋಗಿ."

ನಮ್ಮನೆಯವರು ನಕ್ಕರು.

"ಯಾಕವ್ವ ಹಂಗಂತೀಯ? ಎಡಗಡೆದು ಇನ್ನೂ ಚೆನ್ನಾಗೈತಲ್ಲ."

ಪಂಕ್ತಿಯಲ್ಲಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದರು. ನಾನು ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಹೋದೆ.