ಒಂದೇ ಪದರ

ಟೇಪಜ್ಜಿಯ ಸಮಾಧಿಗೆ ಕೊನೆಯ ಹಿಡಿ ಮಣ್ಣು ಹಾಕಿ ಕೈ ಒರೆಸಿಕೊಳ್ಳುತ್ತಿದ್ದ ಪ್ರೊಫೆಸರರ ಎದುರು ಸಂಶೋಧಕಿ ಲ್ಯಾಪ್‌ಟಾಪ್ ತೆರೆದು ಹಿಡಿದಳು.

“ಸಾರ್, ಪ್ರಬಂಧದ ಕೊನೆಯ ಪ್ರತಿ ಐದು ಗಂಟೆಗೆ ಹೋಗ್ಬೇಕು. ಲೇಖಕರ ಪಟ್ಟಿಯಲ್ಲಿ ಟೇಪಜ್ಜಿ ಇಲ್ಲ ಅಂದ್ರೆ ನನ್ನ ಹೆಸರೂ ಬೇಡ.”

“ಇದನ್ನ ಮಾತಾಡೋ ಜಾಗವೇನಮ್ಮ ಇದು? ಕೃತಜ್ಞತೆಯ ಸಾಲಿನಲ್ಲಿ ಹಾಕಿದೀವಲ್ಲ.”

“‘ಪ್ರಯೋಗಾಲಯದ ಸಿಬ್ಬಂದಿಗೆ’ ಅಂತ ಹಾಕಿದೀರಿ. ಅದರಲ್ಲಿ ಬಾಗಿಲು ಕಾಯೋರೂ ಬಂದ್ರು.”

“ಕಸ ಗುಡಿಸೋಕೆ ಬಂದೋರು ಅವರು. ಕೈ ಚುರುಕಿತ್ತು, ಒಪ್ತೀನಿ. ಆದ್ರೆ ಲೇಖಕರು ಅಂದ್ರೆ ಅದಕ್ಕೊಂದು ಅರ್ಹತೆ ಬೇಡವಾ?”

ಪದವಿಯಿಲ್ಲದ ಕೈಗೆ ಕೃತಜ್ಞತೆಯೇ ಸಾಕೆಂಬುದು ವಿದ್ಯಾವಂತರು ತಮ್ಮ ಅನುಕೂಲಕ್ಕೆ ತಾವೇ ಬರೆದುಕೊಂಡ ನ್ಯಾಯ. ಅದನ್ನು ಆ ಪ್ರಯೋಗಾಲಯದಲ್ಲಿ ಯಾರೂ ಈವರೆಗೆ ಪ್ರಶ್ನಿಸಿರಲಿಲ್ಲ.

ಮರದ ನೆರಳಿನಲ್ಲಿ ಮಾತ್ರ ನಗು ಹರಡಿತ್ತು. ಅಜ್ಜಿಯ ನಾದಿನಿ ನೆಂಟರಿಗೆ ಹೇಳುತ್ತಿದ್ದಳು: “ನಮ್ಮತ್ತಿಗೆ ಉಡುಗೊರೆ ಪೊಟ್ಟಣದ ಕಾಗದ ಹರೀತಾನೇ ಇರ್ಲಿಲ್ಲ. ಅಂಟಿಸಿದ ಟೇಪನ್ನ ಒಂದ್ಸಲಕ್ಕೆ ಕೂದಲೆಳೆಯಷ್ಟೇ ಕೀಳೋಳು. ಒಳಗಿರೋ ಸಿಹಿಗೆ ಇರುವೆ ಮೊದಲು ಹೋಗೋದು, ನಾವು ಆಮೇಲೆ.”

ಹೆಂಡತಿಯನ್ನು ಮಣ್ಣು ಮಾಡಿ ಬಂದ ಮುದುಕ ದರ್ಜಿಯೂ ನಕ್ಕ. ಬಳಿಕ ಪ್ರೊಫೆಸರರ ಬಳಿ ಬಂದ. “ಸಾರ್, ಅವಳು ಅಲ್ಲಿ ಏನು ಮಾಡ್ತಿದ್ಲು ಅಂತ ಒಂದ್ಸಲ ನೋಡ್ಬಹುದಾ?”

ದುಃಖದ ಮನೆಯವರಿಗೆ ಇಲ್ಲವೆನ್ನುವುದು ಪ್ರೊಫೆಸರರಿಂದಾಗಲಿಲ್ಲ.

*

ನಾಲ್ಕು ವರ್ಷಗಳ ಹಿಂದೆ, ಕಸ ಗುಡಿಸಲು ಬಂದ ಅಜ್ಜಿಗೆ ಸಂಶೋಧಕಿ ಅಳುತ್ತಾ ಕುಳಿತದ್ದು ಕಂಡಿತ್ತು.

“ಏನಾಯ್ತು ಮಗಾ?”

“ಈ ಹರಳು ಹಾಳೆ ಕಟ್ಟಿನ ಹಾಗೆ ಅಜ್ಜಿ. ನನಗೆ ಒಂದೇ ಒಂದು ಹಾಳೆ ಬೇಕು, ಮೂರೇ ಪರಮಾಣು ದಪ್ಪದ್ದು. ಕಟ್ಟಿನ ಮೇಲೆ ಬೆಳಕು ಬಿಟ್ರೆ ನುಂಗಿ ಸುಮ್ಮನಾಗುತ್ತೆ. ಒಂಟಿ ಹಾಳೆ ಆದ್ರೆ ಅದನ್ನೇ ಕೆಂಪಗೆ ವಾಪಸ್ ಕೊಡುತ್ತೆ. ಆ ಬೆಳಕಲ್ಲೇ ಮುಂದೆ ಕಂಪ್ಯೂಟರು ಸುದ್ದಿ ಸಾಗಿಸಬಹುದು. ಮೂರು ತಿಂಗಳಾಯ್ತು, ಒಂದೂ ಸಿಕ್ಕಿಲ್ಲ.”

ಹಾಳೆ ಬಿಡಿಸಲೆಂದು ಹರಳಿಗೆ ಅಂಟಿಸಿ ಕಿತ್ತ ಟೇಪನ್ನು ಒಮ್ಮೆ ಬಳಸಿ ಎಸೆಯುವುದು ಅಲ್ಲಿನ ಪದ್ಧತಿ. ಅಜ್ಜಿ ಕಸದ ಬುಟ್ಟಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಪುಡಿಯೆಲ್ಲ ಇದರಲ್ಲೇ ಇದೆಯಲ್ಲೇ. ಇದನ್ನ ಯಾಕೆ ಎಸೀತೀರಿ?”

ಅದಕ್ಕೆ ಹೊಸ ಟೇಪು ಒತ್ತಿ, ಹೆಬ್ಬೆರಳಿನಿಂದ ಬೆಚ್ಚಗೆ ಉಜ್ಜಿ, ಮಗುವಿನ ಗಾಯದ ಪಟ್ಟಿ ಬಿಚ್ಚುವಷ್ಟು ನಿಧಾನವಾಗಿ ಕಿತ್ತಳು. ಏಳನೆಯ ಸಲ ಸೂಕ್ಷ್ಮದರ್ಶಕದಡಿ ಒಂದು ಕೆಂಪು ಚೂರು ಹೊಳೆಯಿತು. ಪ್ರಬಂಧಕ್ಕಾಗಿ ಆಮೇಲೆ ತೆಗೆದ ಒಂಬತ್ತು ಮಾದರಿಗಳೂ ಆಕೆಯ ಕೈಯವೇ.

*

ಸಮಾಧಿಯ ಮಣ್ಣಿನ ಚಪ್ಪಲಿಗಳನ್ನು ಹೊರಗೆ ಬಿಟ್ಟು ನೆಂಟರೆಲ್ಲ ಪ್ರಯೋಗಾಲಯದ ಒಳಗೆ ಬಂದರು.

“ಕಷ್ಟದ ಕೆಲಸವಾ ಸಾರ್?” ದರ್ಜಿ ಕೇಳಿದ.

“ಏನಿಲ್ಲ ಯಜಮಾನ್ರೇ. ಅಂಟಿಸೋದು, ಕೀಳೋದು. ತಾಳಿ, ತೋರಿಸ್ತೀನಿ.”

ಹತ್ತು ವರ್ಷ ಟೇಪು ಮುಟ್ಟದ ಪ್ರೊಫೆಸರರು ಅಂಗಿಯ ತೋಳು ಮಡಚಿದರು. ಮೊದಲ ತುಂಡು ತನಗೆ ತಾನೇ ಸುತ್ತಿಕೊಂಡಿತು. ಎರಡನೆಯದರಲ್ಲಿ ಇದ್ದಿಲಿನಂತಹ ದಪ್ಪ ಹೆಂಟೆಗಳು. ಮೂರನೆಯದು ಅವರ ಕನ್ನಡಕಕ್ಕೆ ಅಂಟಿತು.

“ಪಾಪ, ಹೊಸಬ್ರು,” ಎಂದಳು ನಾದಿನಿ. ಇಡೀ ಕೋಣೆ ನಕ್ಕಿತು. ತಡೆಯಲಾರದೆ ಪ್ರೊಫೆಸರರೂ ನಕ್ಕರು.

ಸಂಶೋಧಕಿ ಅಜ್ಜಿಯ ಕೊನೆಯ ಮಾದರಿಯನ್ನಿಟ್ಟು ಹಸಿರು ಬೆಳಕು ಬಿಟ್ಟಳು. ದರ್ಜಿ ಬಾಗಿ ನೋಡಿದ. ಕತ್ತಲಲ್ಲಿ ಕೆಂಪಗೆ, ಅಂಚು ಕತ್ತರಿಸಿಟ್ಟಂತೆ ನೇರವಾದ ಒಂದು ತ್ರಿಕೋನ.

“ಇದು ಅವಳು ತೆಗೆದದ್ದಾ?”

“ಹೂಂ ಅಜ್ಜ. ಬೇರೆ ಯಾರಿಗೂ ಆಗ್ಲಿಲ್ಲ.”

“ಕೇಳಿದಾಗೆಲ್ಲ ‘ಕಸದ ಕೆಲಸ ಬಿಡಿ’ ಅಂತಿದ್ಲು. ಕಳ್ಳಿ.” ಅವನು ಕಣ್ಣೊರೆಸಿಕೊಂಡು ನಕ್ಕು, ಮತ್ತೆ ಬಾಗಿದ.

ಪ್ರೊಫೆಸರರು ನಾಲ್ಕನೆಯ ತುಂಡಿಗೂ ಕೈ ಹಾಕಿದ್ದರು. ಅದನ್ನು ಅರ್ಧಕ್ಕೇ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಗಂಟೆ ನಾಲ್ಕೂಮುಕ್ಕಾಲು. ಲೇಖಕರ ಪಟ್ಟಿ ತೆರೆದು ಸಂಶೋಧಕಿಯ ಹೆಸರಿನ ಪಕ್ಕ ಜಾಗ ಮಾಡಿದರು. ಅವರ ಕೈ ಅಲ್ಲೇ ನಿಂತಿತು.

“ಯಜಮಾನ್ರೇ… ಅವರ ಹೆಸರೇನು?”

ದರ್ಜಿ ಪಕ್ಕದಲ್ಲಿ ಕುಳಿತು ಒಂದೊಂದೇ ಅಕ್ಷರ ಹೇಳತೊಡಗಿದ. ಪ್ರತಿ ಅಕ್ಷರಕ್ಕೂ ಪ್ರೊಫೆಸರರ ತೋರುಬೆರಳಿಗಂಟಿದ ಟೇಪು ಕೀಲಿಯನ್ನು ಹಿಡಿದೆಳೆಯುತ್ತಿತ್ತು. ಮೂರನೆಯ ಅಕ್ಷರಕ್ಕೆ ದರ್ಜಿ ಆ ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದು, ಉಗುರಿನಿಂದ ಟೇಪಿನ ಅಂಚೆತ್ತಿ, ನಿಧಾನವಾಗಿ ಬಿಡಿಸಿದ.