ದನ ಕಟ್ಟೋ ಕಲ್ಲು

ನಾನು ಹೇಳಿದ ಸುಳ್ಳು ಮೂರೇ ಪದದ್ದು. ಅದಕ್ಕಿಂತ ದೊಡ್ಡ ಸುಳ್ಳುಗಳನ್ನು ಪಂಚಾಯ್ತಿ ಚುನಾವಣೆಯಲ್ಲಿ ಮೈಕ್ ಹಿಡಿದು ಹೇಳಿದ್ದೇನೆ, ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದ್ದೇನೆ. ಇದೊಂದು ಮಾತ್ರ ಅರಗುತ್ತಿಲ್ಲ.

ಹಂಪಾಪುರ ಹೋಬಳಿಯ ನಮ್ಮೂರಿನ ಉತ್ತರಕ್ಕೆ ಒಂದು ಕಲ್ಲುಗುಡ್ಡವಿದೆ. ಅದರ ಬುಡದಲ್ಲಿ ಗಿರಿಜನರ ಹದಿನೆಂಟು ಮನೆಗಳ ಹಾಡಿ. ಹಾಡಿಗೂ ಗುಡ್ಡಕ್ಕೂ ನಡುವೆ, ಹೊಂಗೆಮರಗಳ ಕೆಳಗೆ, ಮೊಣಕಾಲೆತ್ತರದ ಕಲ್ಲುಗಳು ಸಾಲಾಗಿ ನಿಂತಿದ್ದವು. ಹಾಡಿಯಲ್ಲಿ ಯಾರಾದರೂ ತೀರಿಕೊಂಡರೆ ವರ್ಷದೊಳಗೆ ಗುಡ್ಡದಿಂದ ಒಂದು ಕಲ್ಲು ತಂದು ಅಲ್ಲಿ ನೆಡುತ್ತಿದ್ದರು. ಹೆಸರು ಕೆತ್ತುವುದಿಲ್ಲ, ಅರಿಶಿನ ಕುಂಕುಮ ಹಚ್ಚುವುದಿಲ್ಲ. ಯಾವ ಕಲ್ಲು ಯಾರದೆಂದು ಆಯಾ ಮನೆಯವರಿಗೆ ಗೊತ್ತಿದ್ದರೆ ಸಾಕು. ಹೊರಗಿನವನಾದ ನನಗೂ ಒಂದು ಗೊತ್ತಿತ್ತು. ಎಡದಿಂದ ಮೂರನೆಯದು, ತಲೆ ಕೊಂಚ ವಾಲಿದ್ದು, ಕೆಂಪಿಯದು. ನಾಲ್ಕು ವರ್ಷದ ಹಿಂದೆ ಅದು ಗುಡ್ಡದಿಂದ ಇಳಿದು ಬಂದದ್ದೇ ನನ್ನ ಟ್ರ್ಯಾಕ್ಟರಿನಲ್ಲಿ.

ಕೆಂಪಿ ಜೋಗಯ್ಯನ ಹೆಂಡತಿ. ಗಂಡಹೆಂಡಿರಿಬ್ಬರೂ ನಮ್ಮಪ್ಪನ ಕಾಲದಿಂದ ನಮ್ಮ ಹೊಗೆಸೊಪ್ಪಿನ ಹೊಲದಲ್ಲಿ ದುಡಿದವರು. ನಮ್ಮವ್ವ ಕಾಯಿಲೆ ಬಿದ್ದು ಮೈಸೂರಿನಲ್ಲಿ ಎರಡು ತಿಂಗಳು ಮಲಗಿದ್ದಾಗ, ಅಜ್ಜಿಯ ಕಣ್ಣು ತಪ್ಪಿಸಿ ನನಗೆ ಮುದ್ದೆ ಮುರಿದು ಬಾಯಿಗಿಟ್ಟವಳು ಕೆಂಪಿ. ನಾನು ಎತ್ತು ಕಟ್ಟುವುದನ್ನು ಮರೆತು ಅವು ಪಕ್ಕದವರ ಭತ್ತಕ್ಕೆ ನುಗ್ಗಿದಾಗ, ಮರೆತವನು ತಾನೆಂದು ಹೇಳಿ ಅಪ್ಪನಿಂದ ಬಾರುಕೋಲಿನ ಏಟು ತಿಂದವನು ಜೋಗಯ್ಯ. ಇಷ್ಟಾದರೂ ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಅವನನ್ನು ನಾನು ಇವತ್ತಿಗೂ ಕರೆಯುವುದು ಏಕವಚನದಲ್ಲೇ. ಅವನು ನನ್ನನ್ನು ಚಿಕ್ಕ ಧಣಿಯೆಂಬ ಅರ್ಥದಲ್ಲಿ ಚಿಕ್ಕಬುದ್ದಿ ಅನ್ನುತ್ತಾನೆ. ಇದರಲ್ಲಿ ನಾಚಿಕೆಪಡುವಂಥದ್ದೇನಾದರೂ ಇದೆಯೆಂದು ಮೊನ್ನೆಮೊನ್ನೆಯವರೆಗೆ ನನಗೆ ಹೊಳೆದಿರಲಿಲ್ಲ.

ಗುಡ್ಡದಲ್ಲಿ ಕ್ವಾರಿ, ಪಕ್ಕದಲ್ಲೇ ಜಲ್ಲಿ ಕ್ರಷರ್ ಹಾಕುವ ಮಾತು ತಂದವನು ಹುಣಸೂರಿನ ವಸಂತ್. ಕಂಪನಿಯ ಪರವಾಗಿ ಓಡಾಡುವ ಹುಡುಗ. ನಗುಮುಖ, ಬಿಳಿ ಬೊಲೆರೊ, ಬಂದಾಗಲೆಲ್ಲ ಕೈಯಲ್ಲಿ ಒಂದು ಸ್ವೀಟ್ ಬಾಕ್ಸು. ಊರು ಕುಣಿದಾಡಿತು. ಒಬ್ಬನಿಗೆ ಟ್ರ್ಯಾಕ್ಟರ್ ಬಾಡಿಗೆ, ಇನ್ನೊಬ್ಬನಿಗೆ ಗೇಟಿನ ಮುಂದೆ ಹೋಟೆಲ್ಲು, ಮಗದೊಬ್ಬನ ಮಗನಿಗೆ ವಾಚ್‌ಮನ್ ಕೆಲಸ. ನನಗೆ ಬೇಕಾಗಿದ್ದದ್ದು ಅಧ್ಯಕ್ಷನ ಕುರ್ಚಿ. ಪಂಚಾಯ್ತಿಯಲ್ಲಿ ನಾವು ಹನ್ನೊಂದು ಜನ ಸದಸ್ಯರು. ಎರಡನೇ ಅವಧಿಯ ಆಯ್ಕೆ ಹತ್ತಿರ ಬಂದಿತ್ತು, ನನ್ನನ್ನೂ ಸೇರಿಸಿ ನನ್ನ ಕಡೆ ಮೂವರು. ಇನ್ನು ಮೂವರು ವಸಂತನ ಕಣ್ಸನ್ನೆಗೆ ಕಾದಿದ್ದರು. ಅವನು ಆ ಮಾತನ್ನು ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಸ್ಥಳ ನೋಡಲು ಅಧಿಕಾರಿ ಬಂದ ದಿನ ಹಾಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಕಾಫಿ ಹಣ್ಣಿನ ಕಾಲ. ಮಕ್ಕಳು ಮುದುಕರ ಸಮೇತ ಎಲ್ಲರನ್ನೂ ಜೀಪುಗಳು ಕೊಡಗಿನ ತೋಟಗಳಿಗೆ ಹೊತ್ತೊಯ್ದಿದ್ದವು. ವಸಂತ್ ಹುಡುಕಿ ಹುಡುಕಿ ಅಂಥ ದಿನವನ್ನೇ ಗೊತ್ತುಮಾಡಿಸಿದ್ದನೆಂದು ನನಗೆ ತಿಳಿದಿತ್ತು. ಗುಡ್ಡ ಸುತ್ತಿ ಬಂದ ಅಧಿಕಾರಿ ಹೊಂಗೆಮರದ ನೆರಳಿನಲ್ಲಿ ನಿಂತು ನೀರು ಕುಡಿದರು. ಆಮೇಲೆ ಕಲ್ಲುಗಳ ಸಾಲು ಕಂಡು, ಇವೇನು, ಸಮಾಧಿಗಳೇ ಎಂದು ಕೇಳಿದರು. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇತ್ತು, ಸಮಾಧಿಯೆಂದು ಬರೆದರೆ ಕಡತ ಅಲ್ಲಿಗೇ ನಿಲ್ಲುತ್ತಿತ್ತು. ವಸಂತ್ ನನ್ನ ಮುಖ ನೋಡಿದ.

"ದನ ಕಟ್ಟೋ ಕಲ್ಲು" ಅಂದೆ.

ಅಧಿಕಾರಿ ಹಾಗೇ ಬರೆದುಕೊಂಡರು. ನಾನು ಮಹಜರಿಗೆ ಸಹಿ ಹಾಕಿದೆ. ಪುಟ್ಟಮಲ್ಲಪ್ಪ, ಗ್ರಾಮ ಪಂಚಾಯ್ತಿ ಸದಸ್ಯರು ಎಂದು ಕೆಳಗೆ ದುಂಡಗೆ ಬರೆದೆ. ಕೆಂಪಿಯ ಕಲ್ಲು ನನ್ನಿಂದ ಒಂದು ಮಾರು ದೂರದಲ್ಲಿತ್ತು, ನಾನು ಆ ಕಡೆ ತಿರುಗಲಿಲ್ಲ.

ತಿಂಗಳು ಕಳೆದು ಸ್ಕೂಲ್ ಮೈದಾನದಲ್ಲಿ ಗ್ರಾಮಸಭೆ ನಡೆಯಿತು. ಅಷ್ಟರಲ್ಲಿ ಹಾಡಿಯವರು ಕೊಡಗಿನಿಂದ ಮರಳಿದ್ದರು. ಶಾಮಿಯಾನದ ಕೆಳಗೆ ಊರವರು ಕುರ್ಚಿಗಳಲ್ಲಿ, ಅದರಾಚೆ ಬಿಸಿಲಿನಲ್ಲಿ ಹಾಡಿಯವರು ನೆಲದ ಮೇಲೆ. ಅಧಿಕಾರಿ ಕ್ವಾರಿಯ ವಿಷಯ ಓದಿ, ಯಾರದಾದರೂ ತಕರಾರಿದೆಯೇ ಎಂದರು. ಎದ್ದು ನಿಂತವಳು ಜೋಗಯ್ಯನ ಮಗಳು ಮಂಗಳಾ. ಹಾಡಿಯಲ್ಲಿ ಪಿಯುಸಿ ಮುಗಿಸಿದ ಮೊದಲನೆಯವಳು, ಅಂಗನವಾಡಿಯಲ್ಲಿ ಸಹಾಯಕಿ.

"ಅಲ್ಲಿರಾವು ನಮ್ಮವ್ವ, ನಮ್ಮಜ್ಜಿ ಕಲ್ಲು ಸಾರ್. ಅದ್ರ ಮ್ಯಾಲೆ ಮಿಷನ್ ಓಡ್ಸಕ್ಕೆ ನಾವು ಬುಡಾಕಿಲ್ಲ" ಅಂದಳು.

ಅಧಿಕಾರಿ ಕಡತ ತಿರುವಿ, ಮಹಜರಿನಲ್ಲಿ ಬೇರೆಯೇ ಬರೆದಿದೆಯಲ್ಲ ಎಂದು ನನ್ನ ಮೂರು ಪದಗಳನ್ನು ಮೈಕಿನಲ್ಲಿ ಓದಿದರು. ಸಹಿ ಮಾಡಿದ ಸದಸ್ಯರು ಇದ್ದರೆ ಎದ್ದು ನಿಂತು, ಇದು ಸರಿಯೋ ತಪ್ಪೋ ಹೇಳಬೇಕು ಎಂದರು. ನಾನು ಎದ್ದು ನಿಂತೆ. ತಪ್ಪು ಅಂದರೆ ಕ್ವಾರಿಯೂ ಹೋಯಿತು, ಕುರ್ಚಿಯೂ ಹೋಯಿತು, ಮೇಲೆ ಸುಳ್ಳು ಮಹಜರಿಗೆ ಸಹಿ ಹಾಕಿದವನೆಂಬ ಹೆಸರು ಬೇರೆ. ಸರಿ ಅನ್ನಬೇಕೆಂದರೆ ಬಿಸಿಲಿನಲ್ಲಿ ಕೂತ ಜೋಗಯ್ಯ ಕಾಣುತ್ತಿದ್ದ. ಇಡೀ ಸಭೆ ನನ್ನ ಬಾಯಿ ನೋಡುತ್ತಿತ್ತು. ಒಳ್ಳೆಯ ಮನುಷ್ಯನಾಗಲು ನನಗೆ ಪೂರ್ತಿ ಒಂದು ನಿಮಿಷ ಸಿಕ್ಕಿತ್ತು ಎಂದು ಈಗ ಲೆಕ್ಕ ಹಾಕುತ್ತೇನೆ.

ಜೋಗಯ್ಯ ಕೋಲೂರಿ ಎದ್ದ.

"ಚಿಕ್ಕಬುದ್ದಿ ಯೋಳಿರಾದೇ ದಿಟ ಸಾಮಿ. ಅವು ದನ ಕಟ್ಟೋ ಕಲ್ಲೇಯ. ಮಗೀಗೆ ಗೊತ್ತಿಲ್ಲ."

ಮಂಗಳಾ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಠರಾವು ಪಾಸಾಯಿತು. ನಾನು ಕೂತೆ. ನನ್ನ ಮಾನ ಉಳಿಸಲೆಂದೇ ಅವನು ಹಾಗಂದನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅಷ್ಟು ಜನರೆದುರು ಅಷ್ಟು ಬೆತ್ತಲೆಯಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ನೀಲಾಂಬಿಕೆ ಸಾರು ಬಡಿಸುತ್ತಾ ಒಂದೇ ಮಾತು ಅಂದಳು: "ಆ ಕೆಂಪಿ ಕೈಲಿ ಉಂಡ ಬಾಯಲ್ವಾ ಅದು." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ವಸಂತ್ ಫೋನ್ ಮಾಡಿದ. ತಕರಾರು ಎದ್ದಿದ್ದರಿಂದ ಕಡತಕ್ಕೆ ಒಂದು ಫೋಟೋ ಇದ್ದರೆ ಒಳ್ಳೆಯದಂತೆ. ಆ ಕಲ್ಲಿಗೆ ಯಾವುದಾದರೂ ದನ ಕಟ್ಟಿ ಒಂದು ಫೋಟೋ ಹೊಡೆದು ಕಳಿಸಿಬಿಡಿ, ಅಷ್ಟೇ ಅಂದ. ಆಗಲಿ ಅಂದೆ. ಹೌದು, ಆಗಲಿ ಅಂದೆ. ಕೊಟ್ಟಿಗೆಯಿಂದ ನಮ್ಮ ಸೀಮೆಹಸುವನ್ನು ಬಿಚ್ಚಿ, ಮೇಯಿಸಲು ಹೊರಟವನ ಹಾಗೆ ಗುಡ್ಡದ ದಾರಿ ಹಿಡಿದೆ. ಹಾಡಿಯವರ ಕಣ್ಣಿಗೆ ಬೀಳಬಾರದೆಂದು ಕೆರೆ ಏರಿಯ ಮೇಲೆ ಸುತ್ತುಹಾಕಿ ಹೋದೆ.

ಹೊಂಗೆಮರದ ಕೆಳಗೆ ಜೋಗಯ್ಯ ಇದ್ದ. ಅವನ ಮನೆಗಿದ್ದ ಒಂದೇ ಕಂದು ಹಸು ಪಕ್ಕದಲ್ಲಿ ನಿಂತಿತ್ತು. ಅದರ ಹಗ್ಗದ ತುದಿ ಎಡದಿಂದ ಮೂರನೆಯ ಕಲ್ಲಿಗೆ ಸುತ್ತಿತ್ತು. ನನ್ನ ಕೈಲಿದ್ದ ಹಗ್ಗ, ಹಗ್ಗದ ತುದಿಯ ಹಸು, ಎಲ್ಲವನ್ನೂ ಅವನು ನೋಡಿದ.

"ಆಪೀಸ್ರು ಇನ್ನೊಂದ್ ಕಿತ ಬಂದು ನೋಡುದ್ರೆ ನಿಮ್ ಮಾತು ಸುಳ್ಳಾಗ್ಬಾರ್ದಲ್ಲ ಬುದ್ದಿ" ಅಂದ. "ಬ್ಯಾರೇರ ಕಲ್ಗೆ ಕಟ್ಟುದ್ರೆ ತಪ್ಪಾಯ್ತದೆ. ಇವ್ಳಾದ್ರೆ ನಮ್ಮೋಳು. ಬೈಯಾಕಿಲ್ಲ."

ಅವನ ಕಾಲಿಗೆ ಬೀಳಬೇಕಿತ್ತು. ಆ ಹಗ್ಗ ಬಿಚ್ಚಿ, ನೇರ ತಾಲ್ಲೂಕು ಕಚೇರಿಗೆ ಹೋಗಿ, ನಾನು ಹೇಳಿದ್ದು ಸುಳ್ಳೆಂದು ಬರೆದುಕೊಡಬೇಕಿತ್ತು. ಮನಸ್ಸಿನಲ್ಲಿ ಇದೆಲ್ಲ ಎಷ್ಟು ಸಲ ಮಾಡಿದ್ದೇನೋ. ಅವತ್ತು ನಾನು ಮಾಡಿದ್ದು, ಜೇಬಿನಿಂದ ಫೋನ್ ತೆಗೆದದ್ದು. ಜೋಗಯ್ಯ ತಾನು ಅದರಲ್ಲಿ ಬರಬಾರದೆಂದುಕೊಂಡು ಒಂದು ಪಕ್ಕಕ್ಕೆ ಸರಿದು ನಿಂತ. ನಾನು ಫೋಟೋ ಹೊಡೆದೆ.

ವಸಂತ್ ಅದನ್ನು ನೋಡಿ, ಚೆನ್ನಾಗಿ ಬಂದಿದೆ, ಆದರೆ ಅಂಚಿನಲ್ಲಿ ಯಾರದೋ ಕೈ ಕಾಣುತ್ತಿದೆ, ಕತ್ತರಿಸಿ ಕಳಿಸಿ ಎಂದ. ಕತ್ತರಿಸಿ ಕಳಿಸಿದೆ.

ಈಗ ನಾನು ಅಧ್ಯಕ್ಷ. ದಿನಾ ಸೈರನ್ ಕೂಗಿ ಗುಡ್ಡ ಸಿಡಿದಾಗ ಪಂಚಾಯ್ತಿ ಆಫೀಸಿನ ಕಿಟಕಿ ಗಾಜು ಅದುರುತ್ತದೆ. ಕಲ್ಲುಗಳಿದ್ದ ಜಾಗದಲ್ಲಿ ಲಾರಿಗಳು ತಿರುಗುತ್ತವೆ. ಮಂಗಳಾ ದಾರಿಯಲ್ಲಿ ಎದುರಾದರೆ ನಾನೇ ಸ್ಕೂಟರ್ ಪಕ್ಕದ ಓಣಿಗೆ ತಿರುಗಿಸುತ್ತೇನೆ. ಜೋಗಯ್ಯ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಚಿಕ್ಕಬುದ್ದಿ ಎಂದೇ ಕೈಮುಗಿಯುತ್ತಾನೆ.

ಕತ್ತರಿಸದ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಅಳಿಸಲು ಆಗಿಲ್ಲ, ತೆರೆದು ನೋಡುತ್ತಿರುತ್ತೇನೆ. ಅಂಚಿನಲ್ಲಿ ಆ ಮುದಿ ಕೈ ಹಗ್ಗವನ್ನು ಹಸುವಿನ ಕೊರಳ ಬಳಿ ಗಿಡ್ಡಕ್ಕೆ ಎಳೆದು ಹಿಡಿದಿದೆ, ಹಸುವಿನ ಕಾಲು ಕಲ್ಲಿಗೆ ತಾಗದಿರಲೆಂದು.