ಮುಚ್ಚಳ ಎತ್ತುವ ಕೊಕ್ಕೆ

"ಏಯ್, ಬಾಗ್ಲಲ್ಲಿ ನಿಲ್ಬೇಡ, ನಾತ ಒಳಗೆ ಬರುತ್ತೆ," ಎಂದ ಕೋರ್ಟಿನ ಜವಾನ.

ಅಕ್ಕ ಆವತ್ತು ಎರಡು ಸಲ ಮೈ ತಿಕ್ಕಿ ತೊಳೆದು, ಪಕ್ಕದ ಮನೆಯವಳ ಸೀರೆ ಉಟ್ಟು ಬಂದಿದ್ದಳು. ಹನ್ನೊಂದು ವರ್ಷದಿಂದ ಇದೇ ಕೋರ್ಟಿನ ಕಕ್ಕಸು ತೊಳೆಯುವವಳು. ಕೈಯಲ್ಲಿ ಬಕೆಟ್ ಇಲ್ಲದಿದ್ದರೂ ಬೋಳೀಮಗ ಗುರುತು ಹಿಡಿದಿದ್ದ. ಗೋಡೆಗೆ ಒತ್ತಿಕೊಂಡೇ ಹೋಗಿ ಹಿಂದಿನ ಮೂಲೆಯಲ್ಲಿ ನಿಂತಳು.

ಕಟಕಟೆಯಲ್ಲಿ ತಮ್ಮ. ಮೇಜಿನ ಮೇಲೆ, ಅರಗಿನ ಮುದ್ರೆ ಬಿದ್ದ ಅವನ ಕೊಕ್ಕೆ. ಮೋರಿಯ ಮುಚ್ಚಳ ಎತ್ತುವ ಮೊಳದುದ್ದದ ಕಬ್ಬಿಣ. ಹಿಡಿಗೆ ಸುತ್ತಿದ್ದು ಸತ್ತ ಅಮ್ಮನ ಸೀರೆಯ ಚೂರು. ಎದುರಿಗೆ ಕೈಗೆ ಪಟ್ಟಿ ಕಟ್ಟಿಕೊಂಡ ಔಷಧಿ ಅಂಗಡಿಯವನು. ಔಷಧಿ ಕೊಳ್ಳಲು ಹೋದ ತಮ್ಮನಿಗೆ, ಮೆಟ್ಟಿಲ ಕೆಳಗೇ ನಿಂತು ನೋಟು ಎಸಿ ಎಂದನಂತೆ. ತಮ್ಮ ಕೊಕ್ಕೆ ಬೀಸಿ, ಗಲ್ಲಾ ಬಾಚಿಕೊಂಡು ಓಡಿದ್ದ. ಒಪ್ಪಿಕೊಂಡೂ ಇದ್ದ. ಆ ಪಟ್ಟಿ ಕಂಡು ಅಕ್ಕ ತಲೆ ತಗ್ಗಿಸಿದಳು.

ಉಳಿದದ್ದು ಎಷ್ಟು ವರ್ಷ ಅನ್ನುವುದಷ್ಟೇ. ಸಿಟ್ಟಲ್ಲಿ ಹೊಡೆದಿದ್ದರೆ ನಾಲ್ಕು, ಆಯುಧ ತಂದು ಹೊಡೆದಿದ್ದರೆ ಹತ್ತು ಎಂದು ಸರ್ಕಾರ ಕೊಟ್ಟ ವಕೀಲ ಆಕಳಿಸುತ್ತ ಹೇಳಿದ್ದ.

ಇದನ್ನೇಕೆ ಅಂಗಡಿಗೆ ತಂದೆ ಎಂದು ನ್ಯಾಯಾಧೀಶರು ಕೇಳಿದರು. ಕೊಕ್ಕೆ ಇಲ್ಲದವನಿಗೆ ಮೇಸ್ತ್ರಿ ಕೆಲಸ ಕೊಡುವುದಿಲ್ಲ. ಕಣ್ಣು ತಪ್ಪಿದರೆ ಪಕ್ಕದವನೇ ಎಗರಿಸುತ್ತಾನೆ. ಅಷ್ಟು ಬಿಡಿಸಿ ಹೇಳಲು ತಮ್ಮನಿಗೆ ತೋಚಲಿಲ್ಲ.

"ಯಾವಾಗ್ಲೂ ನನ್ ಹತ್ರಾನೇ ಇರುತ್ತೆ ಸ್ವಾಮಿ. ಮಲಗುವಾಗ್ಲೂ ತಲೆ ಕೆಳಗೇ."

ಗುಮಾಸ್ತ ಟಕಟಕ ಟೈಪು ಮಾಡಿಕೊಂಡ. ಅಕ್ಕ ಮೂಲೆ ಬಿಟ್ಟು ಮುಂದೆ ನುಗ್ಗಿದಳು.

"ಅದು ಮೋರಿ ತೆಗೆಯೋದು ಸ್ವಾಮಿ, ಈ ಕೋರ್ಟಿನ ಹಿತ್ಲು ಮೋರಿ ಕಟ್ಟಿದಾಗ್ಲೂ ಇವನೇ ಬಂದು ಅದ್ರಲ್ಲೇ..."

ಜವಾನ ರಟ್ಟೆ ಹಿಡಿದು ಆಚೆ ದಬ್ಬಿದ. ಸದಾ ಆಯುಧಪಾಣಿಯಾಗಿ ತಿರುಗುವ ಸ್ವಭಾವದವನು, ಹತ್ತು ವರ್ಷ ಎಂದು ನ್ಯಾಯಾಧೀಶರು ಓದಿದ್ದು ಅವಳಿಗೆ ಬಾಗಿಲಾಚೆಯಿಂದ ಕೇಳಿಸಿತು.

ಪೋಲೀಸರು ಕರೆದೊಯ್ಯುವಾಗ ತಮ್ಮ ತಿರುಗಿ ನೋಡಿದ.

"ಅಕ್ಕಾ, ನಾನು ನಿಜಾನೇ ಹೇಳ್ದೆ ಅಲ್ವಾ?"

"ಹೂಂ ಕಣೋ."

ಮೂರನೆಯ ದಿನ ಕೋರ್ಟಿನ ಹಿತ್ತಲ ಮೋರಿ ಕಟ್ಟಿ, ಕಕ್ಕಸಿನ ನೀರು ಪಡಸಾಲೆಗೆ ಹರಿಯಿತು. ಜವಾನ ಮೂಗು ಮುಚ್ಚಿಕೊಂಡು ಓಡಿಬಂದ, ಬಾಯಲ್ಲಿ ಬೆಲ್ಲ.

"ನಮ್ಮಕ್ಕ ಅಲ್ವಾ, ಒಸಿ ಮುಚ್ಚಳ ತೆಗೆಸಮ್ಮ."

"ಕೊಕ್ಕೆ ನಿಮ್ ಬೀರೂಲಿದೆ."

"ಬೇರೆ ಯಾರ್ದಾದ್ರೂ ತರ್ಸು."

"ಆಯುಧ ಹಿಡ್ಕೊಂಡು ಕೋರ್ಟಿಗೆ ಬರಕ್ಕಾಗುತ್ತಾ ಸ್ವಾಮಿ? ಹತ್ತು ವರ್ಷ."

ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ನೀರು ಹೊಸ್ತಿಲು ದಾಟಿ, ನ್ಯಾಯಾಧೀಶರ ಪೀಠದ ಕಡೆಗೆ ಮೆಲ್ಲಗೆ ತೆವಳುತ್ತಿತ್ತು. ಅಕ್ಕ ಸೀರೆ ನೆರಿಗೆ ಎತ್ತಿ ಕಟ್ಟಿ, ಕಾಲು ಮೇಲಕ್ಕೆ ತೆಗೆದುಕೊಂಡಳು.